ಪಿಕಪ್ ಹತ್ತಬಾರದ ಹಂದಿ

ಹೊಡೆದ ಹಂದಿಯನ್ನು ತೋಟದಿಂದ ಕೊಳೆಯಾಗದಂತೆ ಹೊರಗೆ ತರುವುದು ಹೇಗೆ ಎಂಬ ವಿಷಯದಲ್ಲಿ ನನಗೀಗ ಒಂದು ದೃಢವಾದ ಅಭಿಪ್ರಾಯವಿದೆ: ಸರ್ಜನ್ನರನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ನಾನು ಕೊಡಗಿನವನು. ಮಲೇಷ್ಯಾದ ಮೆಲಾಕಾ ಊರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪಾಠ ಹೇಳುತ್ತೇನೆ. ಊರ ಹೊರಗೆ ಎಣ್ಣೆತಾಳೆಯ ತೋಟ ಇಟ್ಟುಕೊಂಡಿರುವ ಚೀನೀ ಯಜಮಾನನೊಬ್ಬ ನನಗೆ ಪರಿಚಯ. ಇಲ್ಲಿ ಯಜಮಾನರನ್ನು ತೌಕೆ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವನ ಎಳೆಯ ಸಸಿಗಳನ್ನೆಲ್ಲ ಕಾಡುಹಂದಿಗಳು ಬುಡಮೇಲು ಮಾಡುತ್ತಿದ್ದವು. ಅವನ ಬಳಿ ಕೋವಿಯೂ ಇತ್ತು, ಸರಕಾರ ಕೊಟ್ಟ ಪರವಾನಗಿಯೂ ಇತ್ತು. ಹೊಡೆದ ದಿನ ನನಗೊಂದು ಪಾಲು ಎಂದು ಅವನು ಮಾತು ಕೊಟ್ಟಿದ್ದ. ಪಾಲು ಬೇಕಾದರೆ ಹೊರುವುದಕ್ಕೆ ಹೆಗಲು ಕೊಡಬೇಕು. ಇದು ನಮ್ಮ ಕಡೆಯ ಕ್ರಮ, ಅವನಿಗೂ ಒಪ್ಪಿಗೆಯಾಗಿತ್ತು.

ತೋಟದ ದಾರಿಗೆ ನನ್ನ ಸಣ್ಣ ಕಾರು ಆಗುವುದಿಲ್ಲ. ಪಕ್ಕದ ಮನೆಯವರು ನಿವೃತ್ತ ಮಲಯ್ ಮೇಷ್ಟ್ರು. ಅವರ ಬಳಿ ನಾಲ್ಕೂ ಚಕ್ರಕ್ಕೆ ಎಳೆತವಿರುವ ಪಿಕಪ್ ಇದೆ. ಕೇಳಿದೆ. ಎಲ್ಲಿಗೆ, ಯಾತಕ್ಕೆ ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಅವರು ಗಡ್ಡ ನೀವಿಕೊಂಡರು.

"ಡಾಕ್ಟರ್, ನೀವು ಏನು ತಿಂತೀರಿ ಅನ್ನೋದು ನಿಮಗೂ ನಿಮ್ಮ ಹೊಟ್ಟೆಗೂ ಬಿಟ್ಟಿದ್ದು. ಅದು ಮಾತ್ರ ಗಾಡಿ ಹತ್ತಬಾರದು. ನನ್ನ ಅಮ್ಮ ಅದರಲ್ಲಿ ಕೂತು ಮಸೀದಿಗೆ ಹೋಗ್ತಾರೆ."

"ಹತ್ತೋದಿಲ್ಲ" ಎಂದೆ. ನಾವು ಪಕ್ಕಪಕ್ಕದಲ್ಲಿ ಬದುಕಲು ತೊಡಗಿದ ಮೇಲೆ ಆ ಮನುಷ್ಯ ನನಗೆ ಹಾಕಿದ ಒಂದೇ ಒಂದು ಷರತ್ತು ಅದು.

ಇಷ್ಟರಲ್ಲೇ ಮುಗಿಯುತ್ತಿತ್ತು. ಆದರೆ ಸುದ್ದಿ ನನ್ನ ಸಹೋದ್ಯೋಗಿಯ ಕಿವಿಗೆ ಬಿತ್ತು. ಉಡುಪಿಯ ಕಡೆಯವನು, ಸರ್ಜರಿ ವಿಭಾಗದವನು. "ಹೊಟ್ಟೆ ಕೊಯ್ಯೋದು ನನಗೆ ಬಿಡು ಮಾರಾಯ, ಕ್ಲೀನ್ ಅಂದ್ರೆ ಎಂತ ಅಂತ ತೋರಿಸ್ತೇನೆ" ಎಂದು ಬೆಳಿಗ್ಗೆ ಒಂದು ದೊಡ್ಡ ಚೀಲದೊಂದಿಗೆ ಹಾಜರಾದ.

ನಾವು ತೋಟ ಮುಟ್ಟುವಷ್ಟರಲ್ಲಿ ತೌಕೆ ಹಂದಿ ಹೊಡೆದಾಗಿತ್ತು. ಅವನ ಹೆಂಡತಿ ತರಕಾರಿ ವ್ಯಾನನ್ನು ಒಳಗೆ ತರುವುದೆಂದು ಮೊದಲೇ ತೀರ್ಮಾನವಾಗಿತ್ತು. ಆದರೆ ಹಿಂದಿನ ದಿನದ ಮಳೆಗೆ ದಾರಿ ಪಾಯಸವಾಗಿತ್ತು. ವ್ಯಾನು ಟಾರು ರಸ್ತೆಯಲ್ಲೇ ನಿಂತಿತು. ಒಳಗೆ ಬರಬಲ್ಲ ಗಾಡಿ ಒಂದೇ, ಮೇಷ್ಟ್ರದ್ದು. ಹಂದಿಯ ಗಾಳಿಯೂ ತಾಗದಿರಲೆಂದು ಅದನ್ನು ನಾನು ಟಾರು ರಸ್ತೆಯ ಪಕ್ಕದ ಗೇಟಿನ ಬಳಿಯೇ ನಿಲ್ಲಿಸಿ ನಡೆದು ಬಂದಿದ್ದೆ.

"ತನ್ನಿ ಲಾ, ಡಾಕ್ಟರ್" ಎಂದ ತೌಕೆ; ಇಲ್ಲಿಯವರ ಮಾತಿಗೆ ಬಾಲದಂತೆ ಒಂದು 'ಲಾ' ಅಂಟಿಕೊಂಡೇ ಇರುತ್ತದೆ. "ಎರಡು ಟಾರ್ಪಾಲು ಹಾಸೋಣ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ನೀವು ಹೇಳದಿದ್ರೆ ಆಯ್ತು ಲಾ."

ಹೊತ್ತುಕೊಂಡೇ ಹೋಗುವುದೆಂದು ಸಾರಿದೆ. ಬಿಸಿಲೇರಿದರೆ ಮಾಂಸ ಕೆಡುತ್ತದೆ, ಕರುಳನ್ನು ಅಲ್ಲೇ ತೆಗೆಯಬೇಕು. ಅದು ನಮ್ಮ ಕಡೆ ಒಬ್ಬ ಮನುಷ್ಯ, ಒಂದು ಕತ್ತಿ, ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

ಸರ್ಜನ್ ಮಹಾಶಯ ಚೀಲ ತೆರೆದ. ಗೌನು ತೊಟ್ಟ, ಟೋಪಿ ಹಾಕಿದ. ನಾವು ತಂದಿದ್ದ ಕುಡಿಯುವ ನೀರನ್ನೆಲ್ಲ ಮೊಣಕೈವರೆಗೆ ಹೊಯ್ದುಕೊಂಡು ಕೈ ತೊಳೆದು ಗ್ಲೌಸ್ ಹಾಕಿದ. ಹಂದಿಯ ಮೇಲೆ ಹಸಿರು ಬಟ್ಟೆ ಹೊದಿಸಿ, ಕೊಯ್ಯುವ ಜಾಗದಷ್ಟನ್ನೇ ತೆರೆದಿಟ್ಟ. ಸತ್ತಿರುವ ರೋಗಿಗೆ ಸೋಂಕು ತಗಲೀತೆಂದು ಇಷ್ಟು ಕಾಳಜಿ ವಹಿಸಿದ್ದನ್ನು ನಾನು ಆಸ್ಪತ್ರೆಯಲ್ಲೂ ಕಂಡಿಲ್ಲ. ಕೊಯ್ದದ್ದು ಮಾತ್ರ ಸೊಗಸಾಗಿತ್ತು, ಒಪ್ಪಬೇಕು. ಪಿತ್ತಕೋಶ ಒಡೆಯದೆ ಬಂತು. ತೌಕೆ ಕರುಳನ್ನು ಹೂಳಿದ. ಸರ್ಜನ್ ಒಳಗೆಲ್ಲ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ತುಂಡುಗಳಿಂದ ಒರೆಸಿ, ಮಣ್ಣು ನುಗ್ಗದಂತೆ ಹೊಟ್ಟೆಗೆ ಹೊಲಿಗೆಯನ್ನೂ ಹಾಕಿ ಮುಗಿಸಿದ. ಹಂದಿ ನಾಳೆ ಡಿಸ್ಚಾರ್ಜ್ ಆಗುವಂತೆ ಕಾಣುತ್ತಿತ್ತು.

ಆಮೇಲೆ ಅವನು, ಒಂದಾದರೂ ಹೊಟ್ಟೆಯೊಳಗೆ ಉಳಿಯಿತೋ ಎಂದು, ಗಾಜ್ ತುಂಡುಗಳನ್ನು ಎಣಿಸಿದ.

"ಒಂದು ಕಮ್ಮಿ ಉಂಟು."

"ಹಂದಿ ಮಾರಾಯ ಅದು" ಎಂದೆ.

"ಕೌಂಟ್ ಸರಿ ಆಗದೆ ನಾನು ಪೇಶಂಟನ್ನು ಕಳಿಸೋದಿಲ್ಲ."

"ಅದು ಕೇಸು ಹಾಕೋದಿಲ್ಲ! ಸಾರಿನಲ್ಲಿ ಸಿಕ್ಕಿದರೆ ತೆಗೆದಿಡ್ತೇನೆ!"

ಇಪ್ಪತ್ತು ವರ್ಷದ ಅಭ್ಯಾಸ. ಅವನ ಕೈ ಕೇಳಲಿಲ್ಲ. ಹೊಲಿಗೆ ಬಿಚ್ಚಿದ. ಒಳಗೆಲ್ಲ ತಡಕಿದ. ಸಿಗಲಿಲ್ಲ. ತಲೆ ಎತ್ತಿ ನೋಡಿದರೆ ತೌಕೆ ಒಂದು ಬಿಳಿಯ ಗಾಜ್ ತುಂಡಿನಿಂದ ಹಾಯಾಗಿ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ.

"ಇದಾ? ತುಂಬ ಸಾಫ್ಟ್ ಲಾ" ಎಂದ.

ಮತ್ತೆ ಹೊಲಿಯುವಾಗ ದಾರ ಸಾಲಲಿಲ್ಲ. ದೂರದೂರಕ್ಕೆ ನಾಲ್ಕು ಗಂಟು ಹಾಕಿ "ಸಾಕು, ರಸ್ತೆವರೆಗೆ ತಾನೆ" ಎಂದ. ಕೌಂಟಿನ ವಿಷಯದಲ್ಲಿ ಅಷ್ಟು ಹಟ ಹಿಡಿದವನು ಹೊಲಿಗೆಯ ವಿಷಯದಲ್ಲಿ ಇಷ್ಟು ಉದಾರಿಯಾದ.

ಬಿದಿರಿನ ಗಳಕ್ಕಾಗಿ ಸುತ್ತ ನೋಡಿದೆ. ಎಣ್ಣೆತಾಳೆಯ ತೋಟದಲ್ಲಿ ಎಣ್ಣೆತಾಳೆ ಬಿಟ್ಟು ಇನ್ನೇನೂ ಬೆಳೆಯುವುದಿಲ್ಲ. ಗೊನೆ ಕೊಯ್ಯುವ ಅಲ್ಯೂಮಿನಿಯಂ ಕೋಲಿನಿಂದ ಕುಡುಗೋಲು ಬಿಚ್ಚಿ ಅದಕ್ಕೇ ಕಾಲು ಕಟ್ಟಿದೆವು. ಕೋಲು ಬಿಲ್ಲಿನಂತೆ ಬಾಗಿತು. ಮುಂದೆ ತೌಕೆ, ಹಿಂದೆ ನಾನು. ಸರ್ಜನ್ನನಿಗೆ ಬೆನ್ನುನೋವಂತೆ. ಗೌನು, ಗ್ಲೌಸ್ ಕಳಚಿ, ತೊಳೆದ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಪಕ್ಕದಲ್ಲಿ ನಡೆಯುತ್ತ "ನಿಧಾನ, ನಿಧಾನ" ಎಂದು ಹೇಳುವ ಹೊಣೆಯನ್ನು ಹೊತ್ತಿದ್ದ.

ಇಳಿಜಾರು ಮುಗಿದು ಏರು ಬಂದಾಗ ಹಂದಿ ನನ್ನ ಕಡೆಗೆ ಜಾರಿತು. ನಾಲ್ಕು ಗಂಟುಗಳಲ್ಲಿ ಮೂರು ಬಿಟ್ಟುಕೊಂಡವು. ಒಳಗೆ ಉಳಿದಿದ್ದ ರಕ್ತ, ನೀರು ಎಲ್ಲ ನನ್ನ ಸೊಂಟದಿಂದ ಬೂಟಿನವರೆಗೆ ಇಳಿಯಿತು. ಕೋಲು ಬಿಡುವಂತಿರಲಿಲ್ಲ. ಬಿಟ್ಟರೆ ಮಾಂಸ ಕೆಸರಿಗೆ. ಹಾಗೇ ನಡೆದೆ. ಹಂದಿ ಒಂದು ಚೂರೂ ಮಣ್ಣು ಮೆತ್ತಿಕೊಳ್ಳದೆ ವ್ಯಾನು ಸೇರಿತು. ಕೊಳೆಯಾದದ್ದು ನಾನೊಬ್ಬನೇ.

ಗೇಟಿನ ಬಳಿ ಮೇಷ್ಟ್ರ ಪಿಕಪ್ ಶುಭ್ರವಾಗಿ ನಿಂತಿತ್ತು. ಅದರ ಮುಂದೆ ಬಂದು ನಿಂತಾಗಲೇ ನನಗೆ ಹೊಳೆದದ್ದು: ಹತ್ತಬಾರದ್ದು ಈಗ ನನ್ನ ಪ್ಯಾಂಟಿನಲ್ಲಿದೆ.

"ಕೀ ಕೊಡು, ನಾನು ಓಡಿಸ್ತೇನೆ" ಎಂದ ಸರ್ಜನ್. ಕೀಲಿ ಪ್ಯಾಂಟಿನ ಜೇಬಿನಲ್ಲಿತ್ತು. ಜೇಬಿನ ಸ್ಥಿತಿಯನ್ನು ವರ್ಣಿಸಬೇಕಾಗಿಲ್ಲ.

"ಒರೆಸಿದ್ರೆ ಹೋಗ್ತದೆ ಮಾರಾಯ. ಅವರಿಗೆಂತ ಗೊತ್ತಾಗ್ತದೆ?"

ಒಂದೇ ಬೆಳಿಗ್ಗೆ ಎರಡನೆಯ ಸಲ ಆ ಮಾತು ಕೇಳಿ ನನಗೆ ರೇಗಿತು. ಅವನ ಫೋನನ್ನೇ ಕೇಳಿದೆ. ನನ್ನ ಕೈ ನೋಡಿ ಅವನು ಅದನ್ನು ನನ್ನ ಕಿವಿಯ ಹತ್ತಿರ ತಾನೇ ಹಿಡಿದ. ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಸೀಟಿನ ಮೇಲೆ ಕೂತ್ರಾ?"

"ಇಲ್ಲ."

"ಬಾಗಿಲು ಮುಟ್ಟಿದ್ರಾ?"

"ಇಲ್ಲ."

"ಅಲ್ಲೇ ನಿಂತಿರಿ."

ಮಗಳ ಕಾರಿನಲ್ಲಿ ಬಂದಿಳಿದರು. ಮನೆಯಲ್ಲಿದ್ದ ಇನ್ನೊಂದು ಕೀಲಿ ಕೈಯಲ್ಲಿತ್ತು. ಚರಂಡಿಗೆ ಬಿದ್ದ ವಿದ್ಯಾರ್ಥಿಯನ್ನು ನೋಡುವಂತೆ ದೂರದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸರ್ಜನ್ನನ ಕೈಗಳನ್ನು ಪರೀಕ್ಷಿಸಿದರು. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಅವನನ್ನು ಮಂತ್ರಿಯ ಹಾಗೆ ಕೂರಿಸಿಕೊಂಡು ಹೊರಟರು. ನಾನು ತರಕಾರಿ ವ್ಯಾನಿನ ಹಿಂಭಾಗದಲ್ಲಿ, ಎಲೆಕೋಸಿನ ಬುಟ್ಟಿಗಳ ನಡುವೆ, ಹಂದಿಯ ಜೊತೆಗೆ ಮನೆ ಸೇರಿದೆ.

ಸ್ನಾನ ಮಾಡಿ ಬಂದರೆ ಮೇಷ್ಟ್ರು ನಮ್ಮ ಅಂಗಳದ ನಲ್ಲಿಯ ಬಳಿ ಕಾಯುತ್ತಿದ್ದರು. ಕೀಲಿಯನ್ನು ಅವರ ಕ್ರಮದಂತೆ ತೊಳೆಯಬೇಕಿತ್ತು: ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಹೂಕುಂಡದ ಮಣ್ಣು ತೆಗೆದೆ. "ಅದರಲ್ಲಿ ಗೊಬ್ಬರ ಇದೆ" ಎಂದು ಬೇಲಿಯ ಬುಡದಿಂದ ತಾವೇ ಆರಿಸಿಕೊಟ್ಟರು. ನಾಲ್ಕೋ ಐದೋ ಎಂದು ನಾನು ತಡವರಿಸಿದ್ದಕ್ಕೆ ಮೊದಲಿನಿಂದ ತೊಳೆಸಿದರು. ಆ ದಿನ ನನ್ನ ಸುತ್ತ ಇದ್ದವರೆಲ್ಲರಿಗೂ ಎಣಿಕೆಯ ಹುಚ್ಚು. ಆದರೆ ಈ ಸಲ ನಾನೂ ಗಟ್ಟಿಯಾಗಿ ಎಣಿಸಿದೆ.

ಕೊನೆಗೆ ಕೀಲಿಯನ್ನು ಬಿಸಿಲಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡರು. ಗೇಟು ದಾಟಿದವರು ತಿರುಗಿ ನಿಂತರು.

"ಸೋಮವಾರ ಅಮ್ಮನನ್ನು ಕಣ್ಣಿನ ಡಾಕ್ಟರ್ ಹತ್ರ ಕರೆದುಕೊಂಡು ಹೋಗಬೇಕು. ನನಗೆ ಬೇರೆ ಕೆಲಸ ಇದೆ. ಪಿಕಪ್ ನೀವೇ ಓಡಿಸಿ."

"ಆಗಲಿ" ಎಂದೆ.

"ಪ್ಯಾಂಟು ಬೇರೆ ಹಾಕಿಕೊಳ್ಳಿ."