ಆಯಮ್ಮನ ತುರುಬು

ಲಗ್ಗೆರೆಯ ಹೆರಿಗೆ ಆಸ್ಪತ್ರೆಯ ಆ ಆಯಮ್ಮನ ಹೆಸರನ್ನು ನಾನು ಕೇಳಲೇ ಇಲ್ಲ. ನೋವು ಶುರುವಾಗಿ ಒಂದೂವರೆ ದಿನವಾದರೂ ನನಗೆ ಹೆರಿಗೆಯಾಗಿರಲಿಲ್ಲ. ಆಯಮ್ಮ ನನ್ನ ಸೊಂಟ ಹಿಡಿದು ವರಾಂಡದಲ್ಲಿ ನಡೆಸುತ್ತಾ, "ಇನ್ನೊಂದೇ ಸುತ್ತು ಕಣವ್ವ" ಎನ್ನುತ್ತಿದ್ದರು. ಆ ಒಂದು ಸುತ್ತು ಮುಗಿಯುತ್ತಲೇ ಇರಲಿಲ್ಲ.

ಹೆರಿಗೆ ತಡವಾದರೆ ಸುತ್ತಮುತ್ತ ಎಲ್ಲೂ ಗಂಟಿರಬಾರದೆಂದು ನನ್ನ ಜಡೆ ಬಿಚ್ಚಿದರು. ಹೊರಗೆ ಕೂತಿದ್ದ ನನ್ನ ಗಂಡನ ಶೂ ಲೇಸನ್ನೂ ಬಿಚ್ಚಿಸಿದರು. ಡಾಕ್ಟರ್ ನಕ್ಕಾಗ, "ನಿಮ್ ಕೆಲ್ಸ ನೀವ್ ಮಾಡಿ ಮೇಡಂ, ನನ್ ಕೆಲ್ಸ ನಾನ್ ಮಾಡ್ತೀನಿ" ಎಂದರು.

ಪೀಣ್ಯದ ಕಾರ್ಖಾನೆಗಳ ಊಟದ ಸೈರನ್ ಕೂಗುವ ಹೊತ್ತಿಗೆ ಮಗಳು ಅತ್ತಳು. ಆಯಮ್ಮ ಅವಳನ್ನು ಒರೆಸಿ ನನ್ನ ಎದೆಯ ಮೇಲಿಟ್ಟು, ಗೋಡೆಗೊರಗಿ, ತಲೆಯ ನೀಲಿ ಟೋಪಿ ತೆಗೆದರು. ಒಳಗೆ ಗಂಟಿಲ್ಲದೆ ಅದುಮಿಟ್ಟಿದ್ದ ನರೆಗೂದಲು ಬೆನ್ನ ಮೇಲೆ ಇಳಿಯಿತು.

"ಅಬ್ಬಾ! ಇನ್ ನಾನೂ ತುರುಬು ಕಟ್ಕೋಬೋದು" ಎಂದರು.