ಗುಡ್ಡದ ಮೇಲಿನ ಮದಕ ಮತ್ತು ಈಶ್ವರಿಯಕ್ಕ

ಊರಿನ ಜಲಮೂಲ ತೋರಿಸುತ್ತೇನೆಂದು ತಾಲೂಕು ಕಚೇರಿಯವರನ್ನು ಕುಂಬ್ರದ ಗುಡ್ಡ ಹತ್ತಿಸಿದ ಸುದರ್ಶನ, ತುದಿ ತಲುಪಿದ್ದೇ ಏದುಸಿರಿನಲ್ಲಿ ಕೈ ಚಾಚಿ, "ಇದೇ ನೋಡಿ ಸರ್, ನಮ್ಮ ಜೀವನಾಡಿ" ಎಂದ. ಜೀವನಾಡಿಯಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ನಡೆಯುತ್ತಿತ್ತು. ಹೊಟ್ಟೆ ಬಂದ ವಿಕೆಟ್ ಕೀಪರ್ ಒಬ್ಬರು ಬಗ್ಗಿದಲ್ಲಿಂದಲೇ, "ಅಣ್ಣ, ಸ್ವಲ್ಪ ಆಚೆ ನಿಲ್ಲಿ. ನೀವು ಪಿಚ್ಚಿನಲ್ಲಿ ಇದ್ದೀರಿ" ಎಂದರು.

ಸುದರ್ಶನ ಆಚೆ ನಿಂತ. ಅಧಿಕಾರಿಗಳೂ ನಿಂತರು. ಓವರ್ ಮುಗಿಯುವ ತನಕ ಪರಿಸರ ಪರಿಶೀಲನೆ ಸ್ಥಗಿತಗೊಂಡಿತು.

ಅದು ಮದಕ. ಮಳೆಗಾಲದಲ್ಲಿ ತುಂಬಿ, ಆಮೇಲೆ ನಿಧಾನವಾಗಿ ಇಂಗಿ, ಕೆಳಗಿನ ಬಾವಿ ತೋಟಗಳಿಗೆ ನೀರಾಗಿ ಇಳಿಯುವ ತಗ್ಗು. ಏಪ್ರಿಲಿನಲ್ಲಿ ಅದು ಬರೀ ಹೊಂಡ. ಆ ತಿಂಗಳಿನಲ್ಲಿ ಮದಕ ತೋರಿಸುವುದೆಂದರೆ ಚಪ್ಪರ ಬಿಚ್ಚಿದ ಮೇಲೆ ನೆಂಟರನ್ನು ಮದುವೆಯೂಟಕ್ಕೆ ಕರೆದ ಹಾಗೆ. ಇದು ಸುದರ್ಶನನಿಗೆ ಹೊಳೆದದ್ದು ಗುಡ್ಡ ಹತ್ತಿ ಆದ ಮೇಲೆ.

ಗುಡ್ಡವನ್ನು ಕೊಂಡು ಮನೆ ಸೈಟುಗಳ ನಕ್ಷೆ ಮಾಡಿಸಿದ್ದ ಸುಳ್ಯದ ರೂಪೇಶ ಜೊತೆಗೇ ಬಂದಿದ್ದ. ಅವನು ಗಟ್ಟಿಯಾಗಿ ನಗಲಿಲ್ಲ, ಅಷ್ಟು ಮರ್ಯಾದೆ ಇತ್ತು. "ಸುದರ್ಶನಣ್ಣ, ಈ ಜೀವನಾಡಿಯಿಂದ ಒಂದು ಬುಟ್ಟಿ ಹೂಳು ತೆಗೆಯದೆ ಎಷ್ಟು ಕಾಲ ಆಯ್ತು ಮಾರಾಯ್ರೆ?" ಎಂದು ಮಾತ್ರ ಕೇಳಿದ.

ಸುದರ್ಶನ ಜೊತೆಗೆ ಬಂದಿದ್ದ ಪಂಚಾಯತಿ ಸಮಿತಿಯ ಅಧ್ಯಕ್ಷೆಯ ಮುಖ ನೋಡಿದ. ಈಶ್ವರಿಯಕ್ಕ ಬ್ಯಾಟಿಂಗ್ ನೋಡುತ್ತಿದ್ದರು.

ಪಂಚಾಯತಿಗೊಂದು ಜೀವವೈವಿಧ್ಯ ಸಮಿತಿ ಇರುತ್ತದೆ ಎಂಬುದು ಊರಿನ ಹೆಚ್ಚಿನವರಿಗೆ ಗೊತ್ತಿಲ್ಲ. ಈಶ್ವರಿಯಕ್ಕನಿಗೂ ಗೊತ್ತಿರಲಿಲ್ಲ. ಮನೆ ತೆರಿಗೆ ಕಟ್ಟಲು ಹೋಗಿದ್ದವರನ್ನು "ಒಂದು ಚಾ ಕುಡಿದು ಹೋಗಿ" ಎಂದು ಕೂರಿಸಿದರು, ಲೋಟ ಕೆಳಗಿಡುವಾಗ ಅವರು ಅಧ್ಯಕ್ಷೆ. ಸುದರ್ಶನ ಸದಸ್ಯನಾದದ್ದು ಗ್ರಾಮಸಭೆಯಲ್ಲಿ ಬಹಳ ಹೊತ್ತು ಮಾತಾಡಿದ್ದಕ್ಕೆ. ಅವನನ್ನು ಕೂರಿಸಲು ಕುರ್ಚಿ ಕೊಡುವುದಲ್ಲದೆ ಬೇರೆ ಉಪಾಯ ಯಾರಿಗೂ ಕಾಣಲಿಲ್ಲ. ರೂಪೇಶನ ಲೇಔಟ್ ಬರುವ ತನಕ ಸಮಿತಿ ಆ ಚಾದಷ್ಟೇ ಕೆಲಸ ಮಾಡಿತ್ತು.

ಈಶ್ವರಿಯಕ್ಕ ಇಚಿಲಂಪಾಡಿಯಿಂದ ಮದುವೆಯಾಗಿ ಬಂದ ವರ್ಷ ಅತ್ತೆ ಅವರ ಕೈಗೆ ಕೊಟ್ಟದ್ದು ಬೀಗದ ಕೈಯಲ್ಲ, ಬುಟ್ಟಿ. ಮದಕದ ನೀರು ಕುಡಿಯುವ ಮನೆಯವರೆಲ್ಲ ಮಳೆ ಹಿಡಿಯುವ ಮೊದಲು ಗುಡ್ಡ ಹತ್ತಿ ಹೂಳು ತೆಗೆಯಬೇಕು, ತೆಗೆದವರು ಅದನ್ನು ತಮ್ಮ ಅಡಿಕೆ ಮರಗಳ ಬುಡಕ್ಕೆ ಹಾಕಿಕೊಳ್ಳಬಹುದು. ಯಾರ ಮನೆಯಿಂದ ಯಾರು ಬರಲಿಲ್ಲ ಎಂಬುದು ಮುಂದಿನ ಮಳೆಗಾಲದ ತನಕ ಮಾತಾಗುತ್ತಿತ್ತು. ಆಮೇಲೆ ಬೋರು ಕೊರೆಸಿದ ಮನೆಗಳು ಒಂದೊಂದೇ ಬುಟ್ಟಿ ಇಳಿಸಿದವು. ಅದರಲ್ಲಿ ಸುದರ್ಶನನ ಮನೆ ಮೊದಲನೆಯದು. ಈಶ್ವರಿಯಕ್ಕ ಬೋರು ಕೊರೆಸಲಿಲ್ಲ. ಆದರೆ ಒಬ್ಬರೇ ಎಷ್ಟು ಹೊರಲಾದೀತು, ಅವರೂ ಬಿಟ್ಟರು. ಅವರ ಬಾವಿ ಮಾತ್ರ ಇನ್ನೂ ಮದಕವನ್ನೇ ನಂಬಿತ್ತು, ವರ್ಷ ವರ್ಷವೂ ಸ್ವಲ್ಪ ಬೇಗ ತಳ ಕಾಣಿಸುತ್ತ.

ನಕ್ಷೆಯ ಪ್ರಕಾರ ಆ ಹೊಂಡ ಮುಚ್ಚಿ ಅದರ ಮೇಲೆ ಐದು ಸೈಟು. ಅಲ್ಲಿಗೆ ಕೆಳಗಿನ ಬಾವಿಗಳ ಕಥೆ ಮುಗಿದ ಹಾಗೆ.

ಗುಡ್ಡದಿಂದ ಇಳಿದವನೇ ಸುದರ್ಶನ ಈಶ್ವರಿಯಕ್ಕನ ಜಗಲಿಯಲ್ಲಿ ಕೂತು ಆಕ್ಷೇಪ ಬರೆಯತೊಡಗಿದ. "ಲೇಔಟ್ ಪೂರ್ತಿ ರದ್ದು ಅಂತಲೇ ಬರೆಯುವ ಅಕ್ಕ. ನೀವು ಸೈನ್ ಹಾಕಿ ಸಾಕು."

"ಬರೆ" ಎಂದರು ಈಶ್ವರಿಯಕ್ಕ, ಮಜ್ಜಿಗೆ ತಂದಿಡುತ್ತ.

ಅಷ್ಟರಲ್ಲಿ ರಮ್ಲತ್ ಬಂದಳು. ಅಂಗನವಾಡಿ ಸಹಾಯಕಿ, ಕುಂಬ್ರ ಪೇಟೆಯ ಹಿಂದೆ ಬಾಡಿಗೆ ಮನೆ. ಆ ಐದರಲ್ಲಿ ಒಂದು ಸೈಟಿಗೆ ಅವಳು ಮುಂಗಡ ಕೊಟ್ಟಿದ್ದಳು. ಕೂರಿ ಎಂದರೂ ಕೂರಲಿಲ್ಲ.

"ಅಕ್ಕ, ನೀರು ಬೇಕು ಅಂತ ನನಗೂ ಗೊತ್ತುಂಟು. ಬಾಡಿಗೆ ಮನೆಯಲ್ಲಿ ಕೊಡಪಾನ ಹೊರುದು ನಾನೇ ಅಲ್ವಾ. ಆದ್ರೆ ಗುಡ್ಡದಲ್ಲಿ ಮನೆ ಕಟ್ಟುದೇ ತಪ್ಪು ಅಂತ ಬರೀಬೇಡಿ. ನಿಮ್ಮದೆಲ್ಲ ಕಟ್ಟಿ ಆಯ್ತಲ್ಲ."

ಕೊನೆಯ ಮಾತು ಅವಳು ಈಶ್ವರಿಯಕ್ಕನಿಗೆ ಹೇಳಿದರೂ ತಾಗಿದ್ದು ಸುದರ್ಶನನಿಗೆ. ಅವನ ಮನೆ ಒಳ್ಳೆಯ ಕೆಂಪುಕಲ್ಲಿನದು. ಗೃಹಪ್ರವೇಶಕ್ಕೆ ಬಂದವರೆಲ್ಲ ಗೋಡೆ ಮುಟ್ಟಿ ಹೊಗಳಿದ್ದರು. ಆ ಕಲ್ಲು ಕೊಟ್ಟ ಗುಡ್ಡ ಯಾವುದು, ಅದರ ಮೇಲೆ ಮದಕ ಇತ್ತೇ ಎಂದು ಅವನು ಕೇಳಿರಲಿಲ್ಲ. ಮನೆ ಕಟ್ಟುವ ತನಕ ಎಲ್ಲರೂ ಅಭಿವೃದ್ಧಿಯ ಕಡೆ, ಕಟ್ಟಿ ಆದ ಮರುದಿನದಿಂದ ಪರಿಸರದ ಕಡೆ. ಅವನು ಪೆನ್ನಿಗೆ ಟೊಪ್ಪಿ ಹಾಕಿದ.

"ಎಂತ, ಬರೆದಾಯ್ತಾ?" ಎಂದರು ಈಶ್ವರಿಯಕ್ಕ.

"ಇಲ್ಲ. ಶಾಯಿ ಸರಿ ಬರುದಿಲ್ಲ."

ಮುಂದಿನ ವಾರ ಪಂಚಾಯತಿಯಲ್ಲಿ ಸಭೆ. ತಾಲೂಕು ಕಚೇರಿಯ ಅಧಿಕಾರಿಗಳೂ ಬಂದಿದ್ದರು. ರಮ್ಲತ್ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದಳು. ರೂಪೇಶ ನಕ್ಷೆ ಬಿಡಿಸಿಟ್ಟು, "ಮದಕ ಬಿಡ್ಬೇಕು ಅಂತಾದ್ರೆ ಐದು ಸೈಟು ಹೋಯ್ತು. ಆ ಐದು ಮನೆಯವರಿಗೆ ನೀವೇ ಹೇಳಿ ಅಮ್ಮ. ನನ್ನಿಂದ ಆಗುದಿಲ್ಲ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಈಶ್ವರಿಯಕ್ಕ ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಕೆಳಗೆ ರಸ್ತೆ ಬದಿಯಲ್ಲಿ ನಮ್ಮದು ಗೇರುಮರದ ಜಾಗ ಉಂಟಲ್ಲ, ಅದು ಸಪಾಟು. ಅದನ್ನು ತಕೊಂಡು ಈ ಐದು ಜನಕ್ಕೆ ಕೊಡಿ. ಮಾತಾದ ಕ್ರಯಕ್ಕೇ ಕೊಡ್ಬೇಕು. ಬದಲಿಗೆ ಮದಕವನ್ನು ಪಂಚಾಯತಿನ ಹೆಸರಿಗೆ ಮಾಡಿಸಿ. ಮನೆಗಳ ಮಾಡಿನಿಂದ ಇಳಿಯುವ ಮಳೆನೀರೆಲ್ಲ ಚರಂಡಿಗೆ ಬಿಡುದಲ್ಲ, ಮದಕಕ್ಕೆ ಬಿಡುದು."

ರೂಪೇಶ ನಕ್ಷೆಯ ಅಂಚಿನಲ್ಲಿ ಬೆರಳಿನಿಂದಲೇ ಐದು ಸೈಟು ಅಳೆದು ನೋಡಿ, "ಆಗ್ಬಹುದು" ಎಂದ.

"ಮತ್ತೆ ಹೂಳು. ಮೇಲಿನವರು ಕೆಳಗಿನವರು ಅಂತ ಇಲ್ಲ, ಮನೆಗೊಬ್ಬರು ಬುಟ್ಟಿ ಹಿಡಿದು ಬರ್ಬೇಕು. ಬೋರು ಇದ್ದವರೂ." ಅವರು ಯಾರ ಕಡೆಗೂ ನೋಡಲಿಲ್ಲ. ಸುದರ್ಶನ ಬೆನ್ನು ನೇವರಿಸಿಕೊಂಡ.

"ನಾನು ಈ ವರ್ಷವೇ ಬರ್ತೇನೆ" ಎಂದಳು ರಮ್ಲತ್.

ಸುತ್ತ ಮನೆಗಳೆದ್ದ ಮೇಲೆ ಮದಕ ಮೊದಲಿನಂತೆ ತುಂಬುತ್ತದೋ ಇಲ್ಲವೋ, ಅಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಅಧಿಕಾರಿಗಳು ಎರಡು ಮಳೆಗಾಲ ನೋಡೋಣ ಎಂದರು. ಈಶ್ವರಿಯಕ್ಕನ ಬಾವಿಯೂ ಅಷ್ಟು ಕಾಯಬೇಕು.

ಎಲ್ಲರೂ ಎದ್ದ ಮೇಲೂ ರೂಪೇಶ ನಕ್ಷೆ ಮಡಚದೆ ನಿಂತೇ ಇದ್ದ. ಲಾಭವಾದರೂ ಅದು ಯಾಕೆ ಆಯಿತೆಂದು ಗೊತ್ತಾಗದೆ ಇದ್ದರೆ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ.

"ಅಲ್ಲ ಅಮ್ಮ, ರಸ್ತೆ ಬದಿಯ ಜಾಗ ಬಿಟ್ಟುಕೊಟ್ಟಿರಿ. ಹೊಂಡ ಪಂಚಾಯತಿಗೆ ಹೋಯ್ತು. ಇದ್ರಲ್ಲಿ ನಿಮಗೆ ಎಂತ ಸಿಕ್ಕಿತು?"

ಈಶ್ವರಿಯಕ್ಕ ಕೊಡೆ ಹುಡುಕಿ ಕೈಗೆತ್ತಿಕೊಂಡರು.

"ಗೇರುಬೀಜ ಹೆಕ್ಕುದು ತಪ್ಪಿತು."