ಕುಂಚಿಗೆ ಕೊಟ್ಟು ಡಬ್ಬಿ ಕೊಂಡವರು

ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ, ನಮ್ಮ ಮಾತಿನಲ್ಲಿ ಭಾಂಡೆ, ಕೊಡುವುದು ನನ್ನ ವ್ಯಾಪಾರವಾಗಿತ್ತು. ಎಂಬತ್ತರ ದಶಕದ ನಡುವಿನಿಂದ ಹಿಡಿದು ಮೊಣಕಾಲು ಮಾತು ಕೇಳುವವರೆಗೂ ರಾಯಬಾಗದಿಂದ ಬುಟ್ಟಿ ಹೊತ್ತು ಸುತ್ತಲಿನ ಊರುಗಳನ್ನೆಲ್ಲ ತಿರುಗಿದೆ. ನಿಪ್ಪಾಣಿಯಿಂದ ಭಾಂಡೆ ತರುವುದು, ಕೂಡಿದ ಬಟ್ಟೆಯನ್ನು ಅಲ್ಲಿಗೇ ಒಯ್ದು ಹಾಕುವುದು. ಈ ಕೆಲಸಕ್ಕೆ ಇಳಿಯುವವರಿದ್ದರೆ ಒಂದು ಮಾತು ಹೇಳಿಬಿಡುತ್ತೇನೆ: ಸೀರೆಯ ಸೆರಗಿಗೆ ಮರುಳಾಗಬೇಡಿ, ಕೂತಲ್ಲಿ ಸವೆಯುವ ಭಾಗವನ್ನು ಬಿಸಿಲಿಗೆ ಹಿಡಿದು ನೋಡಿ. ಮತ್ತೆ, ಇಂಥ ಭಾಂಡೆ ಬೇಕೆಂಬ ಮಾತು ಅವರ ಬಾಯಿಂದಲೇ ಮೊದಲು ಬರಲಿ. ನೀವಾಗಿ ಎತ್ತಿ ತೋರಿಸಿದಿರೋ, ಕೆಟ್ಟಿರಿ.

ಕೂಸಿನ ಬಟ್ಟೆಗೆ ಮಾತ್ರ ನನ್ನ ವ್ಯಾಪಾರದಲ್ಲಿ ಬೆಲೆಯಿರಲಿಲ್ಲ. ಒಂದು ರಾಶಿ ಝಬಲಾ ಕೊಟ್ಟರೂ ಒಂದು ಚಮಚ ಕೊಡಲು ನಾನು ಹಿಂದೆಮುಂದೆ ನೋಡುತ್ತಿದ್ದೆ. ಆದರೆ ಯಾರಾದರೂ ಅದನ್ನು ಹೊರಗೆ ತಂದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಳಗದ ಹೆಂಗಸರು ಒಂದೊಂದು ಕುಂಚಿಗೆ ತರುತ್ತಾರೆ. ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ, ಬಣ್ಣಬಣ್ಣದ ಚೂರು ಕೂಡಿಸಿ ಹೊಲಿದ ಟೊಪ್ಪಿಗೆ ಅದು. ಹೀಗಾಗಿ ಎಂಥ ಮನೆಯಲ್ಲೂ ಕುಂಚಿಗೆಯ ಗಂಟೊಂದು ಇರುತ್ತದೆ. ಮುಂದಿನ ಕೂಸಿಗೆ ಬೇಕೆಂದು ಅದನ್ನು ಕಟ್ಟಿ ಮೇಲಿಟ್ಟಿರುತ್ತಾರೆ. ಆ ಗಂಟನ್ನು ಮನೆಯಾಕೆ ನನ್ನ ಮುಂದೆ ಬಿಚ್ಚಿದಳೆಂದರೆ ಆ ಮನೆಯಲ್ಲಿ ಇನ್ನು ತೊಟ್ಟಿಲು ಕಟ್ಟುವುದಿಲ್ಲ ಎಂದೇ ಅರ್ಥ. ಗಂಡನಿಗೆ ಹೇಳುವ ಮೊದಲೇ ನನಗೆ ಹೇಳಿದವರೂ ಇದ್ದಾರೆ.

ಜುಗೂಳದಲ್ಲಿ ಕಬ್ಬಿನ ಹೊಲವಿದ್ದ ದೊಡ್ಡ ಮನೆಯ ಸೊಸೆ ಒಂದು ಗಂಡು, ಒಂದು ಹೆಣ್ಣಾದ ಮೇಲೆ ಗಂಟು ಬಿಚ್ಚಿದಳು. ಹೊಲ ಹೋಳಾಗಬಾರದಂತೆ. ಅದೇ ಊರಿನಲ್ಲಿ ಅವರ ಹೊಲಕ್ಕೆ ಕೂಲಿಗೆ ಹೋಗುವವರ ಕೇರಿಯಲ್ಲಿ ಒಂದು ಕುಂಚಿಗೆಯೂ ನನ್ನ ಕೈಗೆ ಬರುತ್ತಿರಲಿಲ್ಲ. ಒಂದು ಮನೆಯ ಕೂಸಿನ ತಲೆಯಿಂದ ಇಳಿದದ್ದು ಪಕ್ಕದ ಮನೆಯ ಕೂಸಿನ ತಲೆಗೆ ಏರುತ್ತಿತ್ತು. ಇದ್ದವರು ನಿಲ್ಲಿಸುತ್ತಾರೆ, ಇಲ್ಲದವರು ಹಡೆಯುತ್ತಾರೆ, ಇಷ್ಟೇ ಲೆಕ್ಕ ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಆ ಲೆಕ್ಕಕ್ಕೆ ಸಿಗದ ಒಬ್ಬಳು ಉಗಾರ ಖುರ್ದದಲ್ಲಿ ಸಿಕ್ಕಳು.

ಅವಳು ಪಾಲಬಾವಿಯ ಹೆಣ್ಣು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಎರಡು ಕೋಣೆಯ ಮನೆ, ಒಬ್ಬಳೇ ಮಗಳು, ಜೊತೆಗೆ ಅತ್ತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಬೆಳಿಗ್ಗೆ ನನ್ನ ಕೂಗು ಕೇಳಿ ಹೊರಬಂದವಳು ಕಟ್ಟೆಯ ಮೇಲೆ ಗಂಟು ಇಟ್ಟಳು. ಬಿಚ್ಚಿ ನೋಡಿದರೆ ಬರೀ ಕುಂಚಿಗೆ, ಝಬಲಾ, ಕಾಲ್ಚೀಲ.

“ಮಾವಶಿ, ಇದಕ್ಕ ಒಂದ ಊಟದ ಡಬ್ಬಿ ಕೊಡ್ರಿ. ಹುಡುಗಿ ಸಾಲಿಗೆ ಹೊಂಟಾಳ.”

ಒಳಗಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಮುಟ್ಟಬ್ಯಾಡ ಅದನ್ನ! ಏ ಭಾಂಡೆದಾಕಿ, ನೀ ಎಷ್ಟ ಹಡದೀ?”

“ಮೂರ ಅದಾವ್ರಿ.”

“ಕೇಳಿದಿ? ತಲಿ ಮ್ಯಾಲ ಬುಟ್ಟಿ ಹೊತ್ತಾಕಿ ಮೂರ ಹಡದಾಳ. ಪಗಾರ ಎಣಸಾಕಿಗೆ ಒಂದs ಭಾರ ಆಗೇತಿ!”

ಸೊಸೆ ಎದುರಿನ ರಸ್ತೆಯತ್ತ ಗದ್ದ ಎತ್ತಿದಳು. ಆಚೆಗೆ ಸಾಹೇಬರ ಬಂಗಲೆಗಳು. ಒಂದು ಗೇಟಿನಲ್ಲಿ ಇವಳ ಮಗಳ ವಯಸ್ಸಿನ ಹುಡುಗಿ ಬೂಟು ಹಾಕಿಕೊಂಡು, ಕೊರಳಿಗೆ ನೀರಿನ ಬಾಟಲಿ ತೂಗುಹಾಕಿಕೊಂಡು ಜೀಪು ಹತ್ತುತ್ತಿತ್ತು. “ಒಂದ ಇದ್ರ ಹಂಗ ಕಳಸ್ತೀನಿ ಮಾವಶಿ. ಎರಡ ಆದ್ರ ಇಬ್ಬರೂ ನನ್ನಂಗ ಆಗ್ತಾವ” ಎಂದಳು.

ಸಲಹೆ ಕೊಡದೆ ನಾನು ಯಾವ ಮನೆಯ ಮುಂದಿನಿಂದಲೂ ಎದ್ದವಳಲ್ಲ. ಅವಸರ ಮಾಡಬೇಡ ತಂಗೀ, ಗಂಡನನ್ನೂ ಕೇಳು, ಗಂಟು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಕಟ್ಟಿ ಅವಳ ಕೈಗೇ ಕೊಟ್ಟೆ. ದಾರಿಯುದ್ದಕ್ಕೂ ಅದೇ ವಿಚಾರ. ನನ್ನ ಮೂರು ಮಕ್ಕಳು ಯಾರ ಅಪ್ಪಣೆ ಕೇಳಿ ಬಂದಿದ್ದವು? ನಾನಿದ್ದ ಓಣಿಯಲ್ಲಿ ಎಲ್ಲರ ಮಕ್ಕಳೂ ಬರಿಗಾಲಲ್ಲೇ ಓಡಾಡುತ್ತಿದ್ದವು. ನನ್ನವು ಕಡಿಮೆ ಎಂದು ಅನ್ನಿಸುವುದಕ್ಕೆ ಎದುರಿಗೆ ಬಂಗಲೆಯೇ ಇರಲಿಲ್ಲ.

ಬೇಸಿಗೆಯಲ್ಲಿ ಪಾಲಬಾವಿಗೆ ಹೋದೆ. ಅಲ್ಲಿ ತವರಿಗೆ ಬಂದ ಇವಳೇ ಅಂಗಳದಲ್ಲಿ ಕೂತಿದ್ದಳು. ತಂಗಿಯ ಹಸುಗೂಸು ತೊಡೆಯ ಮೇಲಿತ್ತು. ಸುತ್ತ ಓಣಿಯ ಹೆಂಗಸರು. ಇವಳ ವಾಯಲ್ ಸೀರೆ ಮುಟ್ಟಿ ನೋಡುವುದೇನು, ಮಗಳ ಫ್ರಾಕು ಎಳೆದು ನೋಡುವುದೇನು! “ನಿನಗೇನವ್ವ, ಪಗಾರದ ಮನಿ. ನಾಕ ಹಡದ್ರೂ ಹಾಲ ಕುಡಿಸಿ ಬೆಳಸ್ತಿ” ಎಂದಳೊಬ್ಬಳು. ಇವಳು ನಕ್ಕಳು. ಮುಖದಲ್ಲಿ ಒಂದು ಕಳೆ ಬಂದಿತ್ತು. ಕೂಸಿನ ಮುಷ್ಟಿ ಬಿಡಿಸುತ್ತ, ಬಿಡಿಸುತ್ತ, “ಇನ್ನೊಂದ ಆದ್ರ ಆಗಲಿ ಅನಸ್ತೈತಿ ಮಾವಶಿ” ಎಂದು ನನ್ನ ಕಿವಿಯಲ್ಲಿ ಹೇಳಿದಳು.

ನನಗೆ ಬೆರಗಾಯಿತು. ಅದೇ ಹೆಂಗಸು, ಅದೇ ಪಗಾರ, ನಡುವೆ ಬಸ್ಸಿನ ದಾರಿಯಷ್ಟೇ. ಉಗಾರದ ಕಟ್ಟೆಯಲ್ಲಿ ಬಡವಿ, ಪಾಲಬಾವಿಯ ಅಂಗಳದಲ್ಲಿ ಸಾಹುಕಾರತಿ. ಕೂಸು ಬೇಕು, ಬೇಡ ಎನ್ನುವುದು ಟ್ರಂಕಿನಲ್ಲಿ ಏನಿದೆ ಎಂಬುದಕ್ಕಿಂತ ಕಣ್ಣಿನೆದುರು ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆಯೇ? ಆಮೇಲೆ ಹೋದ ಹೋದ ಮನೆಯಲ್ಲಿ ಇದನ್ನೇ ನೋಡತೊಡಗಿದೆ. ಅಥಣಿಯ ಕಡೆ ದ್ರಾಕ್ಷಿ ತೋಟದವನೊಬ್ಬ ತನಗಿಂತ ದೊಡ್ಡ ತೋಟದವನನ್ನು ನೋಡಿ ನೋಡಿ, ಒಬ್ಬನೇ ಮಗ ಸಾಕು ಎಂದು ನಿಲ್ಲಿಸಿದ್ದ. ಅವನಿಗೂ ತನ್ನದು ಸಾಲದೆಂಬ ಚಿಂತೆಯೇ!

ಮಳೆಗಾಲ ಮುಗಿದ ಮೇಲೆ ಉಗಾರಕ್ಕೆ ಹೋದಾಗ ಬೇಕೆಂದೇ ಆ ಮನೆಯ ಮುಂದೆ ದನಿ ಏರಿಸಿ ಕೂಗಿದೆ. ಹೊಟ್ಟೆ ಮುಂದೆ ಬಂದಿರಬಹುದು ಎಂಬ ಆಸೆ ನನಗೆ. ಅವಳು ಬಂದಳು, ಸೊಂಟ ಸಪಾಟಾಗಿತ್ತು. ಕೈಯಲ್ಲಿ ಗಂಟಿತ್ತು.

“ಪಾಲಬಾವ್ಯಾಗ ಬ್ಯಾರೇನs ಅಂದಿದ್ದ್ಯಲ್ಲ ತಂಗೀ?”

“ಅಂದಿದ್ದೆ, ಸುಳ್ಳಲ್ರಿ. ಅಲ್ಲಿ ಕುಂತ್ರ ಇನ್ನೊಂದ ಬೇಕs ಅನಸ್ತೈತಿ. ಆದ್ರ ಕೂಸ ಪಾಲಬಾವ್ಯಾಗ ಬೆಳಿಯೂದಿಲ್ಲಲ್ಲ ಮಾವಶಿ. ಈ ಬಾಗಲದಾಗ ನಿಂತ ಆ ಗೇಟ ನೋಡ್ಕೋತ ಬೆಳೀತೈತಿ. ಮನಿಯವರೂ ಹೂಂ ಅಂದಾರ.”

ನಾನು ಸುಮ್ಮನಾಗುವವಳಲ್ಲ. ಒಂದಕ್ಕೊಂದು ಜೊತೆ ಬೇಕು, ನಾಳೆ ನಿಮ್ಮ ನಂತರ ಅವಳಿಗೆ ಯಾರು ಎಂದು ಇನ್ನೂ ನಾಲ್ಕು ಮಾತು ಹೇಳಬಹುದಿತ್ತು. ಆದರೆ ವ್ಯಾಪಾರದಲ್ಲಿ ಎದುರಿನವರು ಕೊನೆಯ ಮಾತು ಆಡಿದಾಗ ಅದು ಕೊನೆಯದೇ ಎಂದು ದನಿಯಲ್ಲೇ ತಿಳಿಯುತ್ತದೆ. ಅವಳ ದನಿ ಹಾಗಿತ್ತು. ನಾನು ಬುಟ್ಟಿಯಿಂದ ಒಂದು ಸಾದಾ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟೆ.

ಅತ್ತೆ ಅಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಈಗ ಕಾಲು ಎಳೆದುಕೊಂಡು ಬಂದು ನನ್ನೆದುರು ಕೂತಳು. ಗಂಟಿನೊಳಗಿನ ಕುಂಚಿಗೆಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ಮಡಿಚಿ ನನ್ನ ಕಡೆ ಸರಿಸಿದಳು. ಕೊನೆಯದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು, ಅದನ್ನೂ ಸರಿಸಿದಳು. ಆಮೇಲೆ ನನ್ನ ಡಬ್ಬಿ ಎತ್ತಿ, ಮುಚ್ಚಳ ಒತ್ತಿ, ಬೋರಲು ಮಾಡಿ ಅಲುಗಿಸಿದಳು. ಮುಚ್ಚಳ ಕಳಚಿ ಕಟ್ಟೆಯ ಮೇಲೆ ಉರುಳಿತು.

“ಇದನ್ನ ಯಾರಿಗೆ ಕೊಡಾಕ ಬಂದೀ? ಒಳಗ ಖಾನೆ ಇರೂದು ತಗಿ. ಪಲ್ಲೆ ಒಂದ ಕಡೆ, ರೊಟ್ಟಿ ಒಂದ ಕಡೆ ಇರಬೇಕ. ಮುಚ್ಚಳ ಬಿಗಿ ಇರಬೇಕ. ನಮ್ಮ ಹುಡುಗಿ ಆ ಬಂಗಲೆದವರ ನಡುವ ಕುಂತ ಉಣ್ಣಾಕಿ ಅದಾಳ.”